ಹೇಳಿಕೊಟ್ಟ ಕ್ಷಮೆ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯ ಆ ಮನೆಗೆ ನಾನು ಪರಮಪ್ರಸಾದ ಒಯ್ಯತೊಡಗಿದ್ದು ಕಳೆದ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ. ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿದೊಡನೆ ಗುರುಗಳು, ಅಂದರೆ ಪಾದ್ರಿಗಳು, ಪುಟ್ಟ ಡಬ್ಬಿಯೊಂದರಲ್ಲಿ ಗೋಧಿಯ ತೆಳು ಅಪ್ಪವನ್ನಿಟ್ಟು ನನ್ನ ಕೈಗೆ ಕೊಡುತ್ತಾರೆ. ನಮ್ಮ ನಂಬಿಕೆಯಲ್ಲಿ ಅದು ಬರಿಯ ಅಪ್ಪವಲ್ಲ, ಕ್ರಿಸ್ತನೇ. ಅದನ್ನು ಕೊರಳಿಗೆ ಹಾಕಿಕೊಳ್ಳುವ ಚೀಲದಲ್ಲಿಟ್ಟುಕೊಂಡು, ದಾರಿಯಲ್ಲಿ ನಿಲ್ಲದೆ, ಹರಟೆಗೆ ಸಿಕ್ಕದೆ, ನೇರವಾಗಿ ರೋಗಿಯ ಹಾಸಿಗೆಯ ಬಳಿಗೆ ಹೋಗಬೇಕು. ಆ ಹೊತ್ತಿಗೆ ಕಾಲೋನಿಯ ತುಂಬ ಕೋಚಿಂಗ್ ಸೆಂಟರಿಗೆ ಹೊರಟ ಮಕ್ಕಳ ಸ್ಕೂಟರುಗಳು, ಟಿಫಿನ್ ಬಂಡಿಗಳ ಮುಂದೆ ನಿಂತ ಜನ. ಪರಿಚಯದವರು "ಸಿಸ್ಟರ್ ಗಾರೂ, ಬಾಗುನ್ನಾರಾ?" ಎಂದು ತೆಲುಗಿನಲ್ಲಿ ಕ್ಷೇಮ ವಿಚಾರಿಸಿದರೆ ತಲೆಯಾಡಿಸಿ ಮುಂದೆ ನಡೆಯುತ್ತೇನೆ. ನನಗೆ ಸೊಕ್ಕು ಎಂದು ಕೆಲವರು ತಿಳಿದಿರುವುದೂ ಉಂಟು. ನಿಯಮವನ್ನು ಬೀದಿಯಲ್ಲಿ ನಿಂತು ವಿವರಿಸಲಾಗುವುದಿಲ್ಲ.

ನಾನು ಹಾಸನದ ಕಡೆಯವಳು. ಹೈಸ್ಕೂಲು ಮುಗಿಸಿ ಕ್ರೈಸ್ತ ಸನ್ಯಾಸಿನಿಯರ ಮಠ ಸೇರಿದೆ. ಮಠದವರು ಆಂಧ್ರಕ್ಕೆ ಕಳಿಸಿ ನರ್ಸಿಂಗ್ ಓದಿಸಿದರು. ದುಡಿಮೆಯ ವರ್ಷಗಳೆಲ್ಲ ವಿಜಯವಾಡದ ಒಂದು ಆಸ್ಪತ್ರೆಯಲ್ಲಿ ಕಳೆದವು. ಮೊದಲು ಹೆರಿಗೆ ವಾರ್ಡಿನಲ್ಲಿ, ಆಮೇಲೆ ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುತ್ತ. ಗಂಟೆ ಹೊಡೆದಾಗ ಏಳುವುದು, ಗಂಟೆ ಹೊಡೆದಾಗ ಪ್ರಾರ್ಥನೆಗೆ ಕೂರುವುದು, ಗಂಟೆ ಹೊಡೆದಾಗ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸುವುದು ನನ್ನ ಮೈಗೆ ಹತ್ತಿಹೋಗಿದೆ. ಈಗ ವಿಶಾಖಪಟ್ಟಣದ ಮಠದಲ್ಲಿ ವಯಸ್ಸಾದವರ ಗುಂಪಿಗೆ ಸೇರಿದ್ದೇನೆ. ಕೈಕಾಲು ಇನ್ನೂ ನೆಟ್ಟಗಿರುವುದರಿಂದ ರೋಗಿಗಳ ಮನೆಗಳನ್ನು ನನಗೆ ವಹಿಸಿದ್ದಾರೆ.

ಆ ಮನೆಯ ರೋಗಿ ಕನಕಪುರದ ಕಡೆಯ ಒಬ್ಬ ಮುದುಕಿ. ಮಗ ಬ್ಯಾಂಕ್ ಅಧಿಕಾರಿ, ವರ್ಗವಾಗಿ ಇಲ್ಲಿಗೆ ಬಂದವನು. ತಾಯಿಗೆ ಪಿತ್ತಜನಕಾಂಗದ ಕ್ಯಾನ್ಸರ್. ಆಸ್ಪತ್ರೆಯವರು ಇನ್ನು ಮಾಡುವುದೇನೂ ಇಲ್ಲವೆಂದು ಮನೆಗೆ ಕಳಿಸಿದ್ದರು. ಆಕೆಗೆ ತೆಲುಗು ಬರುತ್ತಿರಲಿಲ್ಲ. ಕನ್ನಡ ಆಡುವ ಸಿಸ್ಟರ್ ಒಬ್ಬಳಿದ್ದಾಳೆ ಎಂದು ತಿಳಿದ ದಿನದಿಂದ ನನ್ನ ದಾರಿ ಕಾಯುತ್ತಿದ್ದಳು. ನಾನು ಪ್ರಸಾದ ಕೊಟ್ಟು, ಬೆನ್ನು ಒರೆಸಿ, ಮಗ್ಗುಲು ಬದಲಿಸಿ, ಒಣಗಿದ ಬಾಯಿಯನ್ನು ಹತ್ತಿಯಿಂದ ಒದ್ದೆ ಮಾಡಿ ಬರುತ್ತಿದ್ದೆ. ಆಕೆಗೆ ಮಾತು ಬೇಕು. ನನಗೆ ಕೆಲಸ ನಡೆಯಬೇಕು. ಎರಡೂ ಒಟ್ಟಿಗೆ ಸಾಗುತ್ತಿದ್ದವು.

ಪಾಪನಿವೇದನೆಗೆ ತೆಲುಗು ಕಥೋಲಿಕರು ಪಾಪಸಂಕೀರ್ತನ ಅನ್ನುತ್ತಾರೆ ಎಂದು ಒಮ್ಮೆ ಹೇಳಿದಾಗ ಆಕೆ ಹಾಸಿಗೆಯಲ್ಲೇ ನಕ್ಕಳು. "ಅಯ್ಯೋ, ಪಾಪಾನೂ ಸಂಕೀರ್ತನೆ ಮಾಡ್ತಾರಾ? ತಾಳ ಇಟ್ಕೊಂಡಾ ಸಿಸ್ಟರಮ್ಮ?" ಎಂದಳು. ನಗುವಾಗ ಹೊಟ್ಟೆ ನೋಯುತ್ತಿತ್ತು. ಕೈಯಿಂದ ಒತ್ತಿಹಿಡಿದುಕೊಂಡು ನಗುತ್ತಿದ್ದಳು.

ಒಂದು ಬೆಳಿಗ್ಗೆ ನಾನು ಡಬ್ಬಿ ತೆರೆಯುವಷ್ಟರಲ್ಲಿ ಆಕೆ ಬಾಯಿ ಬಿಗಿಹಿಡಿದಳು.

"ಇವತ್ತು ಬ್ಯಾಡ."

"ವಾಂತಿ ಬರುವ ಹಾಗಿದೆಯಾ ಅವ್ವ?"

"ವಾಂತಿ ಅಲ್ಲ. ಒಂದು ಮಾತೈತೆ. ಅದನ್ನ ಹೇಳ್ಕೊಳ್ದೆ ಯೇಸಪ್ಪನ್ನ ನಾಲಿಗೆ ಮ್ಯಾಲೆ ತಕೊಂಡು ತಕೊಂಡು ಸಾಕಾಗೈತೆ ನಂಗೆ."

ನಾನು ತಡೆಯಬೇಕಾಗಿತ್ತು. ತಡೆಯುವ ಮೊದಲೇ ಆಕೆ ಹೇಳಿಬಿಟ್ಟಳು. ಗಂಡನೊಂದಿಗೆ ಬಾಳಿದ ಕಾಲದ ಒಂದು ಸಂಗತಿ. ಅದೇನೆಂದು ನಾನು ಬರೆಯುವುದಿಲ್ಲ. ಆಕೆಯ ಕೊನೆಯ ದಿನಗಳ ಬಗ್ಗೆ ಬರೆಯಲು ಮಗ ಒಪ್ಪಿದ್ದಾನೆ. ಆ ಸಂಗತಿ ಅವನಿಗೂ ಗೊತ್ತಿಲ್ಲ. ಹೇಳಿ ಮುಗಿಸಿ ಆಕೆ ತಲೆ ಬಾಗಿಸಿ ಕಾದಳು.

"ಹೇಳಮ್ಮ ಮತ್ತೆ," ಎಂದಳು.

"ಏನು ಹೇಳಲಿ?"

"ಅದೇ, ಸ್ವಾಮಿಯೋರು ಹೇಳ್ತಾರಲ್ಲ. ಆ ಮಾತು."

"ಅದನ್ನು ನಾನು ಹೇಳುವ ಹಾಗಿಲ್ಲ ಅವ್ವ."

"ಯಾಕಂತೆ? ಯೇಸಪ್ಪನ್ನೇ ಕೊರಳಿಗೆ ಕಟ್ಕೊಂಡು ಬಂದಿದೀಯ. ಅವನ್ನ ಕೊಡಬೌದು, ಅವನ ಮಾತು ಹೇಳಬಾರ್ದಾ?"

ಕ್ರೈಸ್ತರಲ್ಲದ ಓದುಗರಿಗಾಗಿ ಇಷ್ಟು ಹೇಳಬೇಕು. ತಪ್ಪನ್ನು ಗುರುವಿನ ಕಿವಿಗೆ ಹೇಳಿ, ಅವನ ಬಾಯಿಂದ ಕ್ಷಮೆಯ ಮಾತನ್ನು ಕೇಳುವುದು ಪಾಪನಿವೇದನೆ. ಆ ಮಾತು ಹೇಳಲು ಗುರುಪಟ್ಟವಾಗಿರಬೇಕು. ಗುರುಪಟ್ಟ ಗಂಡಸರಿಗೆ ಮಾತ್ರ. ನಮ್ಮ ಕಡೆ, ಮದುವೆಯಾಗದ ಗಂಡಸರಿಗೆ ಮಾತ್ರ. ಉಳಿದವರು ಆ ಮಾತನ್ನು ಹೇಳಹೊರಟರೆ ಶಿಕ್ಷೆಯಿದೆ. ಇದನ್ನು ನಾನು ವರ್ಷ ವರ್ಷ ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡಿದ್ದೇನೆ. ಹೆರಿಗೆ ವಾರ್ಡಿನಲ್ಲಿ ಉಳಿಯದ ಕೂಸಿಗೆ, ಗುರುಗಳು ಬರುವವರೆಗೆ ಕಾಯಲಾಗದಿದ್ದರೆ, ಯಾರು ಬೇಕಾದರೂ ತಲೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡಬಹುದು. ಹೆಂಗಸಾದರೂ ಸರಿ. ನಾನು ಎಷ್ಟೋ ಕೂಸುಗಳಿಗೆ ಕೊಟ್ಟಿದ್ದೇನೆ. ಸಾಯುವವರ ವಿಷಯ ಬೇರೆ ಎಂದು ಅದೇ ಪಾಠದಲ್ಲಿ ಹೇಳುತ್ತಿದ್ದೆ. ಯಾಕೆ ಬೇರೆ ಎಂದು ಹುಡುಗಿಯರು ಕೇಳಿದರೆ, ಬರೆದುಕೊಳ್ಳಿ ಎನ್ನುತ್ತಿದ್ದೆ.

ಆಕೆಗೂ ಪಾಠವನ್ನೇ ಹೇಳಿದೆ. ಮನಸಾರೆ ಪಶ್ಚಾತ್ತಾಪಪಟ್ಟರೆ ದೇವರು ಆಗಲೇ ಕ್ಷಮಿಸಿರುತ್ತಾನೆ, ಗುರು ಸಿಗದಿದ್ದರೆ ಹೆದರಬೇಕಾಗಿಲ್ಲ ಎಂದೆ. ಆಕೆ ನನ್ನನ್ನೇ ನೋಡುತ್ತಿದ್ದಳು.

"ನೀನು ಪುಸ್ತಕ ಓದ್ತಾ ಇದೀಯ. ನಂಗೆ ಕಿವಿಗೆ ಬೀಳ್ಬೇಕು ಕಣಮ್ಮ. ಕಿವಿಗೆ ಬೀಳ್ದೆ ನಾನು ಹೋಗಲ್ಲ."

ಅಂದು ಮಧ್ಯಾಹ್ನವೇ ನಮ್ಮ ಧರ್ಮಕೇಂದ್ರದ ಗುರುಗಳನ್ನು ಕರೆದುಕೊಂಡು ಹೋದೆ. ವಯಸ್ಸು ಚಿಕ್ಕದು, ತೆಲುಗಿನವರು, ಕೆಲಸದಲ್ಲಿ ಚುರುಕು. ಕನ್ನಡ ತಿಳಿಯದು. "ನೀವೇ ನಡುವೆ ಕೂತು ಅನುವಾದ ಮಾಡಿ ಸಿಸ್ಟರ್. ಅದಕ್ಕೆ ಅವಕಾಶವಿದೆ," ಎಂದರು. ಅವಕಾಶವಿರುವುದು ನಿಜ. ಆಕೆ ಕಣ್ಣು ಮುಚ್ಚಿ ಮಲಗಿದಳು. ರೋಗಿಗಳಿಗೆ ಹಚ್ಚುವ ಪವಿತ್ರ ಎಣ್ಣೆಯನ್ನಾದರೂ ಹಚ್ಚುತ್ತೇನೆ ಎಂದು ಗುರುಗಳು ಹೇಳಿದರೆ, ಕಣ್ಣು ತೆರೆಯದೆ ಕೈಯಾಡಿಸಿ ಬೇಡವೆಂದಳು. ಅವರು ಹೊರಗೆ ಹೋದ ಮೇಲೆ ನನ್ನ ಸೆರಗು ಹಿಡಿದೆಳೆದಳು.

"ಈ ಮಗ ಭಾನುವಾರ ನಮ್ಮನೇಲಿ ಕೋಳಿಸಾರು ಉಂಡು ಹೋಗ್ತಾನೆ. ನಾಳೆ ನನ್ನ ಮಗನ ಮುಖ ನೋಡೋನು. ಇವನಿಗೆ ಹೇಳಕ್ಕಾದಾತಾ? ಇನ್ನೂ ಮೀಸೆ ಚಿಗುರ್ತಾ ಐತೆ. ಗಂಡ ಹೆಂಡ್ತಿ ಅಂದ್ರೆ ಏನಂತ ಗೊತ್ತು ಇವನಿಗೆ?"

"ಗುರುಗಳು ಯಾರಾದರೂ ಒಂದೇ ಅವ್ವ."

"ನಿಂಗೆ ಒಂದೇ. ನೀನೂ ಮದುವೆ ಆದೋಳಲ್ಲ."

ಆಕೆಯ ಉಸಿರಾಟ, ಕಾಲಿನ ಬಾವು, ಮೈಬಣ್ಣ ನೋಡಿದರೆ ಹೆಚ್ಚು ದಿನವಿಲ್ಲವೆಂದು ನನಗೆ ತಿಳಿಯುತ್ತಿತ್ತು. ಹೆದರಿಕೆಯಲ್ಲೇ ಸಾಯುವವರನ್ನು ನಾನು ಕಂಡಿದ್ದೇನೆ. ಬೆರಳುಗಳು ಹೊದಿಕೆಯನ್ನು ಕೀಳುತ್ತವೆ. ಆ ಬೆರಳುಗಳಿಗೆ ಔಷಧವಿಲ್ಲ.

ಮಠದಲ್ಲಿ ಊಟದ ಹೊತ್ತಿಗೆ, ಯಾರೆಂದು ಹೇಳದೆ, ಸಾಯುವ ಹೆಂಗಸರು ಕೆಲವೊಮ್ಮೆ ಹೆಂಗಸಿಗೇ ಹೇಳಿಕೊಳ್ಳಬಯಸುತ್ತಾರೆ ಎಂದಷ್ಟೇ ಮಾತು ತೆಗೆದೆ. ನಮ್ಮಲ್ಲಿ ಒಬ್ಬ ಕಿರಿಯ ಸಿಸ್ಟರ್ ಇದ್ದಾಳೆ. ಅಚ್ಯುತಾಪುರಂ ಕಾರ್ಖಾನೆಗಳ ಕೆಲಸಗಾರರ ವಸತಿಗೆ ಗುರುಗಳು ಬರಲಾಗದ ಭಾನುವಾರಗಳಲ್ಲಿ ಹೋಗಿ ಪ್ರಾರ್ಥನೆ ನಡೆಸಿ, ಬೋಧನೆ ಮಾಡಿ, ಪ್ರಸಾದ ಹಂಚಿ ಬರುವವಳು ಅವಳೇ. ಅವಳು ಸಾರಿನ ಪಾತ್ರೆ ಕೆಳಗಿಟ್ಟು ಹೇಳಿದಳು: "ನಮಗೂ ಗುರುಪಟ್ಟ ಕೊಟ್ಟರೆ ಆಯಿತು ಸಿಸ್ಟರ್. ಅರ್ಧ ಕೆಲಸ ಹೇಗೂ ನಾವೇ ಮಾಡುತ್ತಿದ್ದೇವೆ."

"ಆಮೇಲೆ ಪೂಜೆಯ ಬಟ್ಟೆ ಇಸ್ತ್ರಿ ಮಾಡುವವರು ಯಾರು?" ಎಂದಳು ಇನ್ನೊಬ್ಬಳು.

"ಫಾದರ್‌ಗಳು! ಕಲಿಯಲಿ, ಎರಡು ಕಾಲರ್ ಸುಟ್ಟರೆ ಬಂದುಬಿಡುತ್ತದೆ."

ಎಲ್ಲರೂ ನಕ್ಕರು. ಮಠದ ಹಿರಿಯರು ನಗಲಿಲ್ಲ. "ರೋಮಿನಲ್ಲಿ ಅದಕ್ಕೆ ಸಮಿತಿಗಳಿವೆ. ನಮ್ಮ ಊಟದ ಮೇಜು ಸಮಿತಿಯಲ್ಲ," ಎಂದರು. ಮಾತು ಅಲ್ಲಿಗೆ ನಿಂತಿತು. ನಾನೂ ಅದೇ ಶಿಸ್ತಿನಲ್ಲಿ ಬೆಳೆದವಳು, ಎದ್ದು ತಟ್ಟೆ ತೊಳೆದೆ. ತೊಳೆಯುತ್ತಿರುವಾಗ ಪಾಠದ ಇನ್ನೊಂದು ಸಾಲು ನೆನಪಾಯಿತು. ಸಾವಿನ ಅಪಾಯದಲ್ಲಿರುವವರ ಪಾಪನಿವೇದನೆಯನ್ನು ಯಾವ ಗುರುವಾದರೂ ಕೇಳಬಹುದು. ಅನುಮತಿ ಇಲ್ಲದವನಾದರೂ, ಗುರುವಿನ ಬದುಕನ್ನೇ ಬಿಟ್ಟು ಹೋದವನಾದರೂ. ಕ್ಷಮೆ ಸಲ್ಲುತ್ತದೆ.

ಅಂಥವರೊಬ್ಬರು ನನಗೆ ಗೊತ್ತಿದ್ದರು. ವಿಜಯವಾಡದ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಗುರುಗಳಾಗಿದ್ದವರು. ತೆಲುಗಿನವರು. ಮಂಡ್ಯದ ಕಡೆಯಿಂದ ಬಂದು ನನ್ನ ಬಳಿ ನರ್ಸಿಂಗ್ ಕಲಿತ ಒಬ್ಬ ಹುಡುಗಿಯನ್ನು ಮೆಚ್ಚಿ, ರೋಮಿನಿಂದ ಬಿಡುಗಡೆ ಬೇಡಿ ಪಡೆದು, ಮದುವೆಯಾದರು. ಆಮೇಲೆ ವಿಜಯವಾಡದಲ್ಲೇ ಕೋಚಿಂಗ್ ಕಾಲೇಜುಗಳಲ್ಲಿ ಗಣಿತ ಹೇಳಿ ಸಂಸಾರ ಸಾಕಿದರು. ಪೂಜೆ ಮಾಡುವಂತಿಲ್ಲ, ಪಾಪನಿವೇದನೆ ಕೇಳುವಂತಿಲ್ಲ, ಬೋಧಿಸುವಂತಿಲ್ಲ. ಭಾನುವಾರ ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಿದ್ದರು. ಅವರ ಹೆಂಡತಿಯನ್ನು ಕಂಡರೆ ಕೆಲವು ಹೆಂಗಸರು ಸೆರಗು ಸರಿಮಾಡಿಕೊಂಡು ದೂರ ಸರಿಯುವುದನ್ನು ನಾನೇ ನೋಡಿದ್ದೆ. ಗುರುವನ್ನು ಕೆಡಿಸಿದವಳು ಎಂದು ಅವಳ ಹೆಸರು. ಅವಳು ಹಬ್ಬಕ್ಕೊಮ್ಮೆ ನನಗೆ ಫೋನ್ ಮಾಡುತ್ತಿದ್ದಳು. ನಾನು ಎತ್ತುತ್ತಿದ್ದೆ.

ಮರುದಿನ ಮುದುಕಿಯನ್ನು ಕೇಳಿದೆ. "ಹೆಂಡತಿ ಇರುವ ಗುರು ಒಬ್ಬರಿದ್ದಾರೆ. ಗುರುವಾಗಿದ್ದರು, ಬಿಟ್ಟಿದ್ದಾರೆ. ನಿನಗೆ ಗೊತ್ತಿಲ್ಲದವರು. ಅವರಾದರೆ ಆಗುತ್ತದಾ?"

"ಹೆಂಡ್ತೀನ ಚೆಂದಾಗಿ ಇಟ್ಕೊಂಡವ್ನಾ?"

"ಇಟ್ಟುಕೊಂಡಿದ್ದಾರೆ."

"ಕರ್ಸು."

ಅವರಿಗೆ ಫೋನ್ ಮಾಡಿದೆ. ಎಲ್ಲ ಕೇಳಿಸಿಕೊಂಡರು. ಆಮೇಲೆ, ಮನೆಯಲ್ಲಿ ಹೆಂಡತಿಯಿಂದ ಕಲಿತ ಕನ್ನಡದಲ್ಲಿ ಹೇಳಿದರು: "ಸಿಸ್ಟರ್ ಗಾರೂ, ನಾನು ಅದನ್ನ ಬಿಟ್ಟೋನು. ಈಗ ಮತ್ತೆ ಕೈ ಎತ್ತೋಕೆ ನನಗೆ ಮುಖ ಎಲ್ಲಿದೆ? ಫೋನ್‌ನಲ್ಲಿ ಆಗಲ್ವಾ ಅಂತ ಕೇಳ್ತೀರಿ ಅಂದ್ಕೊಂಡೆ."

"ಫೋನಿನಲ್ಲಿ ಸಲ್ಲುವುದಿಲ್ಲ. ನಿಮಗೂ ಗೊತ್ತು."

"ಗೊತ್ತು. ಅದಕ್ಕೇ ಹೆದರಿಕೆ."

ಅಷ್ಟರಲ್ಲಿ ಹೆಂಡತಿ ಫೋನ್ ತೆಗೆದುಕೊಂಡಳು. "ಸಿಸ್ಟರ್, ಅವರು ಬರ್ತಾರಂಡಿ. ನಾನೂ ಬರ್ತೀನಿ. ಒಬ್ಬರನ್ನೇ ಕಳಿಸಿದ್ರೆ ದಾರೀಲಿ ಇಳ್ಕೊಂಡು ಬಿಡ್ತಾರೆ." ಹಿಂದಿನಿಂದ ಅವರು ಏನೋ ಅಂದರು. ಅವಳು ಅವರಿಗೆ ತೆಲುಗಿನಲ್ಲಿ ಗದರಿದಳು: "ಇಷ್ಟು ವರ್ಷ ಗುರುಪಟ್ಟ ನನ್ನಿಂದ ಹೋಯ್ತು ಅಂತ ಎಲ್ಲರ ಕೈಲೂ ಅನ್ನಿಸ್ಕೊಂಡಿದೀನಿ. ಒಂದು ದಿನ ನನ್ನಿಂದ ಬರಲಿ."

ರೈಲಿಗೆ ಕಾದರೆ ತಡವಾಗುತ್ತದೆಂದು ಬ್ಯಾಂಕ್ ಅಧಿಕಾರಿಗೆ ಹೇಳಿದೆ. ವಿಜಯವಾಡದ ಬಳಿಯ ಗನ್ನವರಂನಿಂದ ವಿಮಾನಕ್ಕೆ ಅವನೇ ಟಿಕೆಟ್ ಮಾಡಿಸಿದ. "ಯಾರು ಸಿಸ್ಟರ್ ಇವರು? ನಮ್ಮ ಫಾದರ್ ಇದ್ದಾರಲ್ಲ?" ಎಂದು ಕೇಳಿದ.

"ನಿಮ್ಮ ತಾಯಿಗೆ ಇವರು ಬೇಕು."

ಅವನು ತಾಯಿಯ ಕೋಣೆಯ ಬಾಗಿಲ ಕಡೆ ನೋಡಿದ. "ನಂಗೆ ಗೊತ್ತಾಗಬಾರದ್ದು ಏನಾದ್ರೂ ಇದೆಯಾ?"

"ಎಲ್ಲರಿಗೂ ಇರುತ್ತದೆ ಅಪ್ಪಾ," ಎಂದೆ. ಮತ್ತೆ ಕೇಳಲಿಲ್ಲ. ಒಳ್ಳೆಯ ಹುಡುಗ. ಆದರೆ ಅಂದಿನಿಂದ ತಾಯಿಯ ಎದುರು ಕೂರುವಾಗ ಅವನ ಮುಖದಲ್ಲಿ ಸಂಕೋಚವೊಂದು ಕಾಣಿಸುತ್ತಿತ್ತು. ತಾಯಿ ಅದನ್ನು ಗಮನಿಸಿದ್ದಳು.

ವಿಜಯವಾಡದಿಂದ ಅವರು ಬಂದ ದಿನ ಮುದುಕಿಯ ಬಾಯಿ ಪೂರ್ತಿ ಒಣಗಿತ್ತು. ಬೆಳಿಗ್ಗೆ ಪ್ರಸಾದ ಕೇಳಲೇ ಇಲ್ಲ. ನೀರನ್ನು ಚಮಚದಲ್ಲಿ ಹನಿ ಹನಿಯಾಗಿ ಬಿಟ್ಟೆ. ಬಂದವರು ಸಾದಾ ಅಂಗಿ ತೊಟ್ಟಿದ್ದರು, ಕೂದಲು ಪೂರ್ತಿ ನರೆತಿತ್ತು. ಕೈಚೀಲದಿಂದ ಮಡಿಸಿದ ನೇರಳೆ ಬಣ್ಣದ ಪಟ್ಟಿಯೊಂದನ್ನು ಹೆಂಡತಿ ತೆಗೆದುಕೊಟ್ಟಳು; ಪಾಪನಿವೇದನೆ ಕೇಳುವಾಗ ಗುರುಗಳು ಕೊರಳಿಗೆ ಹಾಕಿಕೊಳ್ಳುವಂಥದು. ಬಿಡುವಾಗ ಎಲ್ಲವನ್ನೂ ಒಪ್ಪಿಸಿ ಬಂದಿದ್ದರಂತೆ. ಇದು ಹೊಸದು, ಅವಳು ರಾತ್ರಿ ಕೂತು ಹೊಲಿದದ್ದು. ಹೊಲಿಗೆ ಒಂದು ಕಡೆ ಸೊಟ್ಟಗಿತ್ತು. ಅವರು ಅದನ್ನು ಕೊರಳಿಗೆ ಹಾಕಿಕೊಳ್ಳುವಾಗ ಅವಳು ಗೋಡೆಯ ಕಡೆ ತಿರುಗಿದಳು.

ನಾವಿಬ್ಬರೂ ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆವು. ಮಗ, ಸೊಸೆ ಕೆಳಗಿನ ಅಂಗಳದಲ್ಲಿದ್ದರು. ಒಳಗಿನ ಮಾತು ಕೇಳಿಸದಿರಲೆಂದು ನಾನು ನಲ್ಲಿ ಬಿಟ್ಟು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯತೊಡಗಿದೆ. ಅವಳು ಒರೆಸಿಡುತ್ತಿದ್ದಳು.

"ನೀವು ಕೇಳಿದ್ದೀರಿ ಅಲ್ವಾ ಸಿಸ್ಟರ್? ಅಜ್ಜಿ ಮೊದಲು ನಿಮಗೇ ಹೇಳಿದ್ದು," ಎಂದಳು.

"ಹೌದು."

"ಆ ಮಾತು ಹೇಳೋಕೆ ನಿಮಗೆ ಆಗಿದ್ದಿದ್ರೆ ನಾವು ಇಷ್ಟು ದೂರ ಬರೋದೇ ಬೇಡಿತ್ತು." ಸ್ವಲ್ಪ ತಡೆದು, "ಅವರು ಬಿಡದೇನೇ ನನ್ನ ಮದುವೆ ಆಗೋ ಹಾಗಿದ್ದಿದ್ರೂ ಬೇಡಿತ್ತು. ಇಲ್ಲೇ ಎಲ್ಲೋ ಫಾದರ್ ಆಗಿರ್ತಿದ್ರು, ನಾನು ಅವರ ಮನೇಲಿ ಅನ್ನ ಮಾಡ್ಕೊಂಡು ಇರ್ತಿದ್ದೆ. ಯಾರಿಗೆ ಏನು ಕಡಿಮೆ ಆಗ್ತಿತ್ತಂಡಿ?"

ಒಳಗಿನಿಂದ ಅವರು ನನ್ನನ್ನು ಕರೆದರು. ನಲ್ಲಿ ನಿಲ್ಲಿಸಿ ಹೋದೆ.

ಹೇಳುವುದನ್ನೆಲ್ಲ ಮುದುಕಿ ಹೇಳಿ ಮುಗಿಸಿದ್ದಳು. ಹೆಂಡತಿಯಿಂದ ಕಲಿತ ಕನ್ನಡದಲ್ಲಿ ಅವರಿಗೆ ಪ್ರತಿ ಮಾತೂ ತಿಳಿದಿತ್ತು. ಆದರೆ ಕ್ಷಮೆಯ ಮಾತನ್ನು ಅವರು ಹೇಳಹೊರಟದ್ದು ತೆಲುಗಿನಲ್ಲಿ. ಅವರು ಗುರುವಾಗಿದ್ದಷ್ಟು ಕಾಲ ತೆಲುಗಿನಲ್ಲೇ ಹೇಳಿದವರು. ಇಷ್ಟು ವರ್ಷಗಳ ಮೇಲೆ ಬಾಯಿಗೆ ಬಂದದ್ದೂ ಅದೇ. ಶುರು ಮಾಡುತ್ತಿದ್ದಂತೆ ಮುದುಕಿ ಅವರ ಕೈಯನ್ನು ತಳ್ಳಿದ್ದಳು.

"ಅದೇನಂತಾನೆ ಸಿಸ್ಟರಮ್ಮ? ನಂಗೆ ತಿಳೀಲಿಲ್ಲ. ತಿಳಿಯೋ ಹಂಗೆ ಅನ್ನು ಅಂತ ಹೇಳು."

ಅವರು ನನ್ನ ಕಡೆ ತಿರುಗಿದರು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. "ಯಾವ ಭಾಷೇಲಿ ಹೇಳಿದ್ರೂ ಸಲ್ಲುತ್ತೆ, ಅದು ಸರಿ. ಆದ್ರೆ ಈಕೆಗೆ ಕೇಳಿಸ್ಬೇಕಂತೆ. ನನಗೆ ಅದು ಕನ್ನಡದಲ್ಲಿ ಬರಲ್ಲಂಡಿ. ನಮ್ಮ ಮನೇಲಿ ಯಾರೂ ಆ ಕನ್ನಡ ಆಡಲ್ಲ. ನೀವು ಒಂದೊಂದೇ ಹೇಳಿಕೊಡಿ. ನಾನು ಹೇಳ್ತೀನಿ."

ನನಗೆ ಅದು ಬರುತ್ತಿತ್ತು. ಚಿಕ್ಕಂದಿನಿಂದ ಊರಿನ ದೇವಾಲಯದಲ್ಲಿ, ಆಮೇಲೆ ರಜೆಗೆ ಹೋದಾಗಲೆಲ್ಲ, ಮೊಣಕಾಲೂರಿ ತಲೆ ಬಾಗಿಸಿ ಕೇಳಿಸಿಕೊಂಡ ಮಾತು. ಒಂದು ಅಕ್ಷರವೂ ತಪ್ಪದೆ ಬರುತ್ತಿತ್ತು. ಬಾಯಲ್ಲಿ ಆಡಿದ್ದು ಮಾತ್ರ ಎಂದೂ ಇಲ್ಲ.

ಹಾಸಿಗೆಯ ಈ ಕಡೆ ನಾನು, ಆ ಕಡೆ ಅವರು. ಮುದುಕಿ ನನ್ನ ಕೈ ಹಿಡಿದುಕೊಂಡಿದ್ದಳು. ಅವರು ತಮ್ಮ ಕೈಯನ್ನು ಆಕೆಯ ತಲೆಯ ಮೇಲೆ ಎತ್ತಿ ಹಿಡಿದರು. ನಾನು ತುಂಡು ತುಂಡಾಗಿ ಹೇಳಿದೆ. ಅವರು ಶಾಲೆಯ ಮಗುವಿನಂತೆ, ತೆಲುಗು ರಾಗದಲ್ಲಿ, ಹಿಂದೆಯೇ ಹೇಳಿದರು. ಕರುಣಾಮಯನಾದ ದೇವರು ಎಂದೆ. ಕರುಣಾಮಯನಾದ ದೇವರು ಎಂದರು. ಹೀಗೆ ಸಾಗಿ ಮುಖ್ಯವಾದ ಮಾತಿಗೆ ಬಂದಾಗ ನಿಂತೆ. ಉಳಿದದ್ದು ಪ್ರಾರ್ಥನೆ, ಯಾರು ಹೇಳಿದರೂ ಪ್ರಾರ್ಥನೆ. ಇದು ಹಾಗಲ್ಲ. ಅವರು ನನ್ನ ಮುಖ ನೋಡುತ್ತ ಕಾಯುತ್ತಿದ್ದರು. ಮುದುಕಿಯೂ ಕಾಯುತ್ತಿದ್ದಳು.

"ನಾನು ನಿನ್ನ ಪಾಪಗಳನ್ನು ಕ್ಷಮಿಸುತ್ತೇನೆ," ಎಂದೆ.

"ಆಮೆನ್," ಎಂದಳು ಮುದುಕಿ.

ಅವರು ಇನ್ನೂ ಬಾಯಿ ತೆರೆದಿರಲಿಲ್ಲ. ಆಕೆ ಅವರ ಕಡೆ ತಿರುಗಿಯೂ ಇರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಅಂದಳು, ಅಂದು ಕಣ್ಣು ಮುಚ್ಚಿದಳು. ಆಮೇಲೆ ಅವರು ಅದೇ ಮಾತನ್ನು ಹೇಳಿದರು, ಪಿತ, ಸುತ, ಪವಿತ್ರಾತ್ಮರ ಹೆಸರನ್ನೂ ಸೇರಿಸಿ ಪೂರ್ತಿ ಮಾಡಿದರು, ಶಿಲುಬೆಯ ಗುರುತು ಹಾಕಿದರು. ವಿಧಿಗೆ ಬೇಕಾದದ್ದೆಲ್ಲ ಆಯಿತು. ಮುದುಕಿ ಆಗಲೇ ನಿದ್ದೆಗೆ ಜಾರಿದ್ದಳು. ಅವರು ಪಟ್ಟಿ ತೆಗೆದು ಮಡಿಸಿ, ಗೋಡೆ ಹಿಡಿದು ಕುಳಿತರು.

"ಸಿಸ್ಟರ್ ಗಾರೂ, ಆಕೆ ನಿಮಗೆ ಆಮೆನ್ ಅಂದದ್ದು."

"ಅವಸರದಲ್ಲಿ ಅಂದಳು."

"ಅವಸರ ಏನಿಲ್ಲ," ಎಂದರು.

ಅಂದು ಸಂಜೆ ಮುದುಕಿ ಎಚ್ಚರಾದಾಗ ಮಗನನ್ನು ಕರೆದು ಅವನ ಗಲ್ಲ ಹಿಡಿದುಕೊಂಡಳು. ಏನೂ ಹೇಳಲಿಲ್ಲ. ಅವನು ಅತ್ತ. ಮರುದಿನ ಬೆಳಿಗ್ಗೆ ನಮ್ಮ ಗುರುಗಳನ್ನು ಕರೆಸಿ ಎಣ್ಣೆ ಹಚ್ಚಿಸಿಕೊಂಡಳು. "ಹಚ್ಚಪ್ಪ, ಈಗ ಹಚ್ಚು," ಎಂದು ತಾನೇ ಹಣೆ ಮುಂದೆ ಚಾಚಿದಳು. ಅಂಗೈ ಬಿಚ್ಚಲಾಗದೆ ಬಿಗಿದಿದ್ದ ಬೆರಳುಗಳನ್ನು ನಾನು ಬಿಡಿಸಿ ಹಿಡಿದೆ. ಪ್ರಸಾದದ ಒಂದು ಚೂರನ್ನು ಚಮಚದ ನೀರಿನೊಂದಿಗೆ ಅವರೇ ಕೊಟ್ಟರು. ಮಧ್ಯಾಹ್ನ ಕಳೆದ ಮೇಲೆ ಆಕೆ ತೀರಿಕೊಂಡಳು. ಹೊದಿಕೆ ಮಡಿಕೆ ಕೆಡದೆ ಹಾಗೇ ಇತ್ತು.

ನಮ್ಮ ಗುರುಗಳಿಗೆ ನಾನು ಅಂದೇ, ಆಕೆ ಹೇಳಿಕೊಂಡ ಸಂಗತಿಯೊಂದನ್ನು ಬಿಟ್ಟು, ಎಲ್ಲ ಹೇಳಿದೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ. ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ನಿಂತು ಕೇಳಿಸಿಕೊಂಡರು. ನಾವು ತೆಲುಗಿನಲ್ಲಿ ಮಾತಾಡಿದ್ದು.

"ಅವರನ್ನು ಕರೆಸಿದ್ದು ತಪ್ಪಲ್ಲ. ಕಾನೂನಿದೆ," ಎಂದರು. ಆಮೇಲೆ ನೆಲ ನೋಡುತ್ತ, "ನನ್ನನ್ನು ಯಾಕೆ ಬೇಡ ಅಂದರು ಸಿಸ್ಟರ್? ನಾನೇನು ಮಾಡಿದೆ?"

"ಏನೂ ಮಾಡಿಲ್ಲ ಫಾದರ್. ನೀವು ಅವರ ಮನೆಯ ಮಗನ ಹಾಗಿದ್ದಿರಿ. ಮಗನಿಗೆ ಹೇಳಲಾಗುವುದಿಲ್ಲ."

ಅವರಿಗೆ ನೋವಾಗಿತ್ತು. ಗುರುವಾದ ಮೇಲೆ ಯಾರೂ ತನ್ನನ್ನು ಬೇಡವೆಂದಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು: "ಆ ಮಾತನ್ನು ಹೇಳುವಾಗ ನಿಮ್ಮ ಉದ್ದೇಶ ಏನಿತ್ತು?"

"ಹೇಳಿಕೊಡುವುದು."

"ಹಾಗಾದರೆ ಅದು ಏನೂ ಅಲ್ಲ. ಇಲ್ಲಿಗೆ ಬಿಡಿ." ಅವರ ದನಿಯಲ್ಲಿ ಬೇಡಿಕೆಯಿತ್ತು. ನಾನು ಬಿಡುತ್ತೇನೆ ಎಂದೆ.

ಬಿಡಲಾಗಲಿಲ್ಲ. ವಿಜಯವಾಡಕ್ಕೆ ಮರಳಿದ ಮೇಲೆ ನನ್ನ ಹಳೆಯ ಶಿಷ್ಯೆ ಫೋನ್ ಮಾಡಿದಳು. ಗಂಡ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲವಂತೆ. ಇಷ್ಟು ವರ್ಷ ಮಲಗಿದ್ದದ್ದನ್ನು ಯಾಕೆ ಎಬ್ಬಿಸಿದಿರಿ ಎಂದು ಅವಳೇನೂ ಕೇಳಲಿಲ್ಲ. "ಇನ್ನೊಬ್ಬರು ಯಾರಾದ್ರೂ ಹೀಗೆ ಸಾಯ್ತಾ ಇದ್ರೆ ಹೇಳಿ ಸಿಸ್ಟರ್" ಎಂದಳು. ಹೇಳಿ, ತಾನು ಹೇಳಿದ್ದಕ್ಕೆ ತಾನೇ ನಾಚಿ ಫೋನ್ ಇಟ್ಟಳು. ಸಾಯುವವರು ಸಿಕ್ಕರೆ ಮಾತ್ರ ಗುರುವಾಗಬಹುದಾದ ಒಬ್ಬ ಮನುಷ್ಯ ಅಲ್ಲಿ, ಮನೆಯಲ್ಲಿ ಕೂತಿದ್ದರು.

ಶನಿವಾರ ಮಠದವರೆಲ್ಲ ಪಾಪನಿವೇದನೆಗೆ ಹೋಗುತ್ತೇವೆ. ಸಾಲಿನಲ್ಲಿ ನನ್ನ ಸರದಿ ಬಂತು. ನಡುವಿನ ಮರೆತಟ್ಟಿಯ ಆಚೆ ನಮ್ಮ ಧರ್ಮಕೇಂದ್ರದ ಅದೇ ಗುರುಗಳು. ನಾನು ನನ್ನ ಕ್ರಮದಂತೆ ಶುರು ಮಾಡಿದೆ: ಪ್ರಾರ್ಥನೆಯಲ್ಲಿ ಮನಸ್ಸು ಓಡಿದ್ದು, ಅಡುಗೆಯವಳ ಮೇಲೆ ರೇಗಿದ್ದು, ಜೊತೆಯ ಸಿಸ್ಟರ್ ಒಬ್ಬಳ ಬಗ್ಗೆ ಕಹಿ ಮಾತಾಡಿದ್ದು. ಮುಗಿಯಿತು ಎನ್ನಬೇಕಾದ ಜಾಗದಲ್ಲಿ ನಿಂತೆ.

"ಇನ್ನೇನಾದರೂ?" ಎಂದರು.

"ಇನ್ನೊಂದಿದೆ. ಅದು ಪಾಪವೋ ಅಲ್ಲವೋ ನನಗೆ ಗೊತ್ತಿಲ್ಲ. ಹೇಳಿಕೊಡುವುದು ನನ್ನ ಉದ್ದೇಶವಾಗಿತ್ತು ಎಂದು ಆ ದಿನ ನಿಮಗೆ ಹೇಳಿದೆ. ಶುರುವಿನಲ್ಲಿ ಹಾಗೇ ಇತ್ತು. ಆ ಮಾತು ಬಂದಾಗ ನಾನು ಅವರ ಕಡೆ ನೋಡುತ್ತಿರಲಿಲ್ಲ ಫಾದರ್. ಆಕೆಯನ್ನು ನೋಡುತ್ತಿದ್ದೆ. ಆಕೆಗೇ ಹೇಳಿದೆ."

ನಾನೇ ಮುಂದುವರಿಸಿದೆ.

"ಅದಕ್ಕೆ ಪಶ್ಚಾತ್ತಾಪ ತಂದುಕೊಳ್ಳಲು ಈ ವಾರವೆಲ್ಲ ಪ್ರಯತ್ನಿಸಿದೆ. ಬರುತ್ತಿಲ್ಲ."

ಹೊರಗೆ ಸಾಲಿನಲ್ಲಿ ಯಾರೋ ಕೆಮ್ಮಿದರು. ನನ್ನ ಹಿಂದೆ ಇನ್ನೂ ಕೆಲವರಿದ್ದರು. ನಾನು ಯಾವತ್ತೂ ಹೆಚ್ಚು ಹೊತ್ತು ತೆಗೆದುಕೊಳ್ಳುವವಳಲ್ಲ.

"ಪಾಪವೆಂದು ಖಚಿತವಿಲ್ಲದ್ದನ್ನು ಇಲ್ಲಿ ತರಬೇಕಾಗಿಲ್ಲ," ಎಂದರು ಕೊನೆಗೆ. ಮೃದುವಾಗಿಯೇ ಹೇಳಿದರು. "ಅದನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಉಳಿದವುಗಳಿಗೆ ಕ್ಷಮೆ ಕೊಡುತ್ತೇನೆ."

ಕೊಟ್ಟರು. ನಾನು ಎದ್ದು, ಮುಂದಿನವಳಿಗೆ ಜಾಗ ಬಿಟ್ಟು, ಬೆಂಚಿಗೆ ಹೋಗಿ ಅವರು ವಿಧಿಸಿದ ಪ್ರಾರ್ಥನೆಯನ್ನು ಹೇಳಿದೆ. ಅದು ಅಡುಗೆಯವಳ ಮೇಲೆ ರೇಗಿದ್ದಕ್ಕೆ. ಇನ್ನೊಂದಕ್ಕೆ ಏನು ಹೇಳಬೇಕೆಂದು ಯಾರೂ ಹೇಳಿರಲಿಲ್ಲ.